ರಿಜಿಸ್ಟರಿನ ಅಂಚಿನ ಕೆಂಪು ಚುಕ್ಕೆ

ಮಾರ್ಚ್ ೯, ಭಾನುವಾರ

ಪ್ರೀತಿಯ ರೇಡಿಯೋ,

ನಿನ್ನ ಮೂರು ಪತ್ರಗಳಿಗೆ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ನವೆಂಬರಿನ ಪತ್ರಕ್ಕೆ ನಾಳೆ ಬರೆದರಾಯಿತು ಎಂದುಕೊಳ್ಳುತ್ತಿದ್ದಾಗಲೇ ಜನವರಿಯದು ಬಂತು. ಅದಕ್ಕೆ ಬರೆಯಲು ಕೂತರೆ ಕೈ ಓಡಲಿಲ್ಲ. ಫೆಬ್ರುವರಿಯದನ್ನು ಒಡೆಯದೆ ನಾಲ್ಕು ದಿನ ಮೇಜಿನ ಮೇಲಿಟ್ಟಿದ್ದೆ. ನಮ್ಮವರು ಪ್ರತಿದಿನ ಅದನ್ನು ಎತ್ತಿ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದರು, ಏನೂ ಕೇಳದೆ. ಅವರ ಗುಣ ನಿನಗೆ ಗೊತ್ತು.

ನಿನ್ನ ಅತ್ತೆಯವರ ಮಂಡಿ ಈಗ ಹೇಗಿದೆ? ಮೆಟ್ಟಿಲು ಹತ್ತುವುದಲ್ಲದೆ ನಿನ್ನನ್ನು ಬೈಯುವಷ್ಟು ಶಕ್ತಿಯೂ ಬಂದಿದೆ ಎಂದು ಬರೆದಿದ್ದೆ. ಓದಿ ಸಮಾಧಾನವಾಯಿತು. ನೀನು ಕಳಿಸಿದ ಅನುವಾದದ ಕಾದಂಬರಿ ಅರ್ಧಕ್ಕೆ ನಿಂತಿದೆ. ಅದರಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ಯಾರು ಯಾರ ಸೋದರಮಾವ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದುತ್ತಿದ್ದೆ. ಚೀಟಿ ಎಲ್ಲೋ ಹೋಯಿತು, ಆ ಸಂಸಾರವೆಲ್ಲ ಈಗ ನನಗೆ ಅಪರಿಚಿತರು.

ಉತ್ತರ ತಡವಾದದ್ದಕ್ಕೆ ಕಾರಣ ಕೆಲಸವಲ್ಲ, ಸಿಟ್ಟು. ಸಿಟ್ಟಿನಲ್ಲಿ ಬರೆಯುವುದು ಬೇಡ, ಇಳಿಯಲಿ ಎಂದು ಎರಡು ತಿಂಗಳು ಕಾದೆ. ಇಳಿಯಲಿಲ್ಲ. ಇನ್ನೂ ಕಾದರೆ ಇಪ್ಪತ್ತೊಂದನೇ ತಾರೀಕು ಕಳೆದುಹೋಗುತ್ತದೆ. ಅದು ಏನು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲೇ ಒಂದು ಮಾತು. ಈ ಪತ್ರದಲ್ಲಿ ಒಬ್ಬ ಬಸ್ ಚಾಲಕರ ವಿಷಯ ಬರುತ್ತದೆ. ಅವರು ನನ್ನ ಬಳಿ ಆಪ್ತ ಸಮಾಲೋಚನೆಗೆ ಬಂದವರು. ಅವರ ಬಗ್ಗೆ ಇಲ್ಲಿ ಬರೆಯುವುದೆಲ್ಲ ವಿಚಾರಣೆಯ ಕಾಗದಗಳಲ್ಲಿ ಅವರೇ ಸಹಿ ಮಾಡಿ ಹೇಳಿರುವುದು, ಅಥವಾ ನಿನಗೆ ಬರೆಯಬಹುದೇ ಎಂದು ನಾನು ಕೇಳಿ, ಅವರು ಆಗಲಿ ಎಂದದ್ದು. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ನಿನಗೂ ಇಲ್ಲ.

ನನ್ನ ಕೊಠಡಿಯನ್ನು ನೀನು ನೋಡಿಲ್ಲ. ಡಿಪೋದ ಉದ್ದನೆಯ ಮೊಗಸಾಲೆಯ ಕೊನೆಗೆ, ಟೈರುಗಳ ಉಗ್ರಾಣ ದಾಟಿದ ಮೇಲೆ ಇದೆ. ನಾನು ಬರುವ ಮೊದಲು ಅಲ್ಲಿ ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ವಸ್ತುಗಳನ್ನು ಇಡುತ್ತಿದ್ದರು. ಹನ್ನೊಂದು ವರ್ಷವಾದರೂ ಈಗಲೂ ಯಾರಾದರೂ ಬಾಗಿಲು ತಟ್ಟಿ, ‘ಕರಿ ಛತ್ರಿ, ಮರದ ಹಿಡಿ, ನಿನ್ನೆ ಬಿಟ್ಟುಹೋಗಿದ್ದೆ’ ಎನ್ನುತ್ತಾರೆ. ಹೀಗಾಗಿ ನನಗೆ ಡಿಪೋದಲ್ಲಿ ಛತ್ರಿ ಮೇಡಂ ಎಂದೇ ಹೆಸರು. ಹೆಸರಿಡುವಾಗ ಅವರು ಆ ಮಾತಿನ ಇನ್ನೊಂದು ಅರ್ಥವನ್ನೂ ನೆನೆದು ನಕ್ಕಿರುತ್ತಾರೆ, ಇರಲಿ. ಆದರೆ ಅದರಿಂದ ಒಂದು ಉಪಕಾರವಾಯಿತು. ನನ್ನ ಬಳಿ ಬರುವವರು ಜೊತೆಗಾರರಿಗೆ, ‘ಛತ್ರಿ ಹುಡುಕ್ಕೊಂಡು ಬರ್ತೀನಿ’ ಎಂದು ಹೇಳಿ ಎದ್ದು ಬರಬಹುದಾಯಿತು. ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಎಲ್ಲರದೂ ಒಂದಲ್ಲ ಒಂದು ಛತ್ರಿ ಕಳೆದೇ ಇರುತ್ತದೆ.

ಕೊಠಡಿಗೆ ಎರಡು ಬಾಗಿಲು. ಮುಂದಿನದು ಮೊಗಸಾಲೆಗೆ, ಹಿಂದಿನದು ಬಸ್ಸು ತೊಳೆಯುವ ಅಂಗಳಕ್ಕೆ. ಕಿಟಕಿಯ ಗಾಜಿಗೆ ಅರ್ಧದವರೆಗೆ ಬಿಳಿ ಬಣ್ಣ ಬಳಿಸಿದ್ದೇನೆ. ಒಳಗೆ ಕೂತರೆ ಹೊರಗೆ ಬಸ್ಸಿನ ಚಾವಣಿ ಮಾತ್ರ ಕಾಣುತ್ತದೆ. ಬಂದವರ ಕಡತಗಳು ಕಬ್ಬಿಣದ ಕಪಾಟಿನಲ್ಲಿವೆ, ಅದಕ್ಕೆ ಎರಡು ಬೀಗ. ಅವನ್ನು ನನ್ನ ಹೊರತು ಯಾರೂ ಮುಟ್ಟಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಚೇರಿಯವರು ಬೀಗ ಒಡೆಯಲಿಲ್ಲ. ಒಡೆಯುವ ಅಗತ್ಯವೇ ಬೀಳಲಿಲ್ಲ.

ಕಡತವಲ್ಲದೆ ಒಂದು ರಿಜಿಸ್ಟರ್ ಇದೆ. ಯಾರು ಬಂದರು, ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು, ಇಷ್ಟೇ. ಡ್ಯೂಟಿಯ ಹೊತ್ತಿನಲ್ಲಿ ಬಂದವರ ಗಂಟೆಯನ್ನು ಹಾಜರಿಯೊಂದಿಗೆ ತಾಳೆ ನೋಡಬೇಕಲ್ಲ, ಅದಕ್ಕಾಗಿ ಅದು ಪ್ರತಿ ಸಂಜೆ ಸಿಬ್ಬಂದಿ ಕಚೇರಿಗೆ ಹೋಗುತ್ತದೆ. ಅದು ಅವರ ಪುಸ್ತಕ. ನನ್ನದಲ್ಲ.

ಆ ಪುಸ್ತಕದ ಅಂಚಿನಲ್ಲಿ ನಾನು ಚುಕ್ಕೆ ಇಡುತ್ತಿದ್ದೆ.

ಹಾಸ್ಟೆಲಿನ ನಮ್ಮ ನಾಲ್ಕು ಬಣ್ಣ ನಿನಗೆ ನೆನಪಿದ್ದೇ ಇರುತ್ತದೆ. ಕಾಲೇಜಿನ ತರಬೇತಿ ಚಿಕಿತ್ಸಾಲಯದ ಡೈರಿಯಲ್ಲಿ ನಾವಿಬ್ಬರೂ ಬಣ್ಣದ ಪೆನ್ಸಿಲಿನಿಂದ ಇಡುತ್ತಿದ್ದದ್ದು. ನೀಲಿ ಎಂದರೆ ಮನೆಯ ಜಗಳ, ಹಳದಿ ಎಂದರೆ ನಿದ್ದೆಗೇಡು, ಹಸಿರು ಎಂದರೆ ಕುಡಿತ, ಕೆಂಪು ಎಂದರೆ ಜೀವಕ್ಕೆ ಅಪಾಯ. ಡಿಪೋಗೆ ಸೇರಿದ ಮೊದಲ ದಿನವೇ ಅದನ್ನೆಲ್ಲ ಬಿಟ್ಟೆ. ಅಂಥ ಸಂಗತಿಗಳು ಕಡತದಲ್ಲಿರಬೇಕೇ ಹೊರತು ಅಂಚಿನಲ್ಲಲ್ಲ ಎಂಬ ಬುದ್ಧಿ ಅಷ್ಟು ಹೊತ್ತಿಗೆ ಬಂದಿತ್ತು. ಕೆಂಪನ್ನು ಮಾತ್ರ ಉಳಿಸಿಕೊಂಡೆ, ಬೇರೆ ಕೆಲಸಕ್ಕೆ. ಯಾರಾದರೂ ನನ್ನ ಮುಂದೆ ಅತ್ತರೆ ಅವರ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ. ಮುಂದಿನ ಸಲ ಅವರು ಬರುವ ದಿನ ಅವರ ನಂತರ ಅರ್ಧ ಗಂಟೆ ಖಾಲಿ ಬಿಡಬೇಕು ಎಂದು ನನಗೆ ನಾನೇ ಮಾಡಿಕೊಂಡ ಗುರುತು. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ ಅತ್ತ ಮುಖ ಹೊತ್ತುಕೊಂಡು ಮೊಗಸಾಲೆಯಲ್ಲಿ ಮೂವತ್ತು ಜನರ ಮುಂದೆ ನಡೆದು ಹೋಗಬಾರದು. ಮುಖ ತೊಳೆಯಬೇಕು, ಒಂದು ಲೋಟ ನೀರು ಕುಡಿಯಬೇಕು, ಹಿಂದಿನ ಬಾಗಿಲಿನಿಂದ ಅಂಗಳ ದಾಟಿ ಹೋಗಬೇಕು. ಅದಕ್ಕೆ ಅರ್ಧ ಗಂಟೆ ಬೇಕು. ಹನ್ನೊಂದು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ಕೆಂಪಲ್ಲದೆ ಬೇರೆ ಬಣ್ಣವಿಲ್ಲ.

ನಿಜವಾಗಿ ಅಪಾಯವಿದ್ದರೆ ನಾನು ಚುಕ್ಕೆ ಇಟ್ಟು ಕೂರುವವಳಲ್ಲ. ಮೊದಲ ದಿನವೇ ಪ್ರತಿಯೊಬ್ಬರಿಗೂ ಒಪ್ಪಿಗೆ ಪತ್ರ ಓದಿ ಹೇಳುತ್ತೇನೆ: ಇಲ್ಲಿ ಹೇಳಿದ್ದು ಈ ಗೋಡೆ ದಾಟುವುದಿಲ್ಲ, ಮೂರು ಸಂದರ್ಭ ಬಿಟ್ಟು. ನಿಮ್ಮ ಜೀವಕ್ಕೆ ಅಪಾಯವಿದ್ದರೆ, ನಿಮ್ಮಿಂದ ಬೇರೆಯವರಿಗೆ ಅಪಾಯವಿದ್ದರೆ, ನ್ಯಾಯಾಲಯ ಬರೆದು ಕೇಳಿದರೆ. ಎರಡು ಸಲ, ಮನುಷ್ಯ ಎದುರಿಗೇ ಕೂತಿರುವಾಗ, ಅವನಿಗೆ ಹೇಳಿಯೇ ನಾನು ಫೋನ್ ಎತ್ತಿದ್ದೇನೆ. ಇಬ್ಬರೂ ಈಗ ಬದುಕಿದ್ದಾರೆ, ಒಬ್ಬ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಅದೂ ನನ್ನ ಕೆಲಸವೇ.

ಈಗ ನಾನು ಹೇಳಹೊರಟ ಚಾಲಕರ ವಿಷಯ. ಡಿಪೋದಲ್ಲಿ ಅವರನ್ನು ಎಲ್ಲರೂ ನಿಧಾನಣ್ಣ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಕನ್ನಡಿಯನ್ನೂ ಒಡೆದವರಲ್ಲ. ಹಿಂದಿನ ಬಸ್ಸಿನವರು ಹಾರ್ನ್ ಒತ್ತಿದರೆ ಕೈ ಹೊರಗೆ ಚಾಚಿ ‘ಹೋಗು ಮಾರಾಯ, ನಿನಗೇನೋ ಅವಸರ ಇರಬೇಕು’ ಎಂದು ದಾರಿ ಬಿಡುವವರು. ಒಪ್ಪಿಗೆ ಪತ್ರದ ಮೂರು ಸಂದರ್ಭಗಳನ್ನು ನಾನು ಓದಿದಾಗ ಅವರು ಕೇಳಿಸಿಕೊಂಡು, ‘ಆ ಮೂರು ಸ್ಟಾಪಲ್ಲೂ ನಾನು ಇಳಿಯಲ್ಲ ಬಿಡಿ ಮೇಡಂ’ ಎಂದು ಸಹಿ ಹಾಕಿದರು. ಎರಡು ಸಲ ಬಂದರು. ಎರಡನೇ ಸಲ ಅತ್ತರು. ಯಾಕೆ ಅತ್ತರು ಎಂಬುದು ವಿಚಾರಣೆಯ ಕಾಗದದಲ್ಲಿಲ್ಲ, ಇಲ್ಲೂ ಇಲ್ಲ. ಅರ್ಧ ಗಂಟೆ ಕೂತು, ಹಿಂದಿನ ಬಾಗಿಲಿನಿಂದ ಹೋದರು. ನಾನು ಚುಕ್ಕೆ ಇಟ್ಟೆ.

ಜನವರಿ ಮೊದಲ ವಾರ ಸಿಬ್ಬಂದಿ ಅಧಿಕಾರಿ ನನ್ನನ್ನು ಕರೆಸಿದರು. ಚಾಲಕರು ಇವರನ್ನು ಇಸ್ತ್ರಿ ಸಾಹೇಬರು ಎನ್ನುತ್ತಾರೆ. ಸಂಜೆ ಆರಕ್ಕೂ ಅವರ ಅಂಗಿಯಲ್ಲಿ ಒಂದು ಸುಕ್ಕೂ ಇರುವುದಿಲ್ಲ. ಮೇಜಿನ ಮೇಲೆ ರಿಜಿಸ್ಟರ್ ತೆರೆದಿತ್ತು. ನಿಧಾನಣ್ಣನವರ ಹೆಸರಿನ ಕೆಳಗೆ ಒಂದು ಸ್ಕೇಲು.

“ಬನ್ನಿ ಮೇಡಂ, ಕೂತ್ಕೊಳ್ಳಿ. ಕಾಫಿ ತರಿಸ್ಲಾ?”

“ಬೇಡ. ಹೇಳಿ.”

“ಈ ಕೆಂಪು ಚುಕ್ಕೆ ನೀವೇ ಇಟ್ಟಿದ್ದಲ್ವಾ?”

“ಹೌದು.”

“ಜೀವಕ್ಕೇ ಸಂಚಕಾರ ಅಂತ ಇದರ ಅರ್ಥ. ಅಲ್ವಾ?”

“ಹಾಗಂತ ನಿಮಗೆ ಯಾರು ಹೇಳಿದರು?” ಎಂದೆ.

“ಯಾರು ಹೇಳಿದ್ರೆ ಏನು ಮೇಡಂ? ಕೆಂಪು ಏನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?” ಎಂದರು. ಹಾಗೆನ್ನುವಾಗ ಅವರ ದನಿ ಯಾಕೋ ಮೆತ್ತಗಾಯಿತು. ಕಾಯಿಲೆಯವರನ್ನು ಮಾತಾಡಿಸುವ ಹಾಗೆ. ಆಗ ನನಗೆ ಅದು ಅರ್ಥವಾಗಲಿಲ್ಲ. “ನನಗೂ ಮನುಷ್ಯತ್ವ ಇದೆ. ಆದ್ರೆ ಅವನ ಬೆನ್ನ ಹಿಂದೆ ಐವತ್ತು ಜನ ಕೂತಿರ್ತಾರೆ. ನಾಳೆ ಏನಾದ್ರೂ ಆದ್ರೆ ಪತ್ರಿಕೆಯವರು ನಿಮ್ಮನ್ನ ಕೇಳಲ್ಲ, ನನ್ನನ್ನ ಕೇಳ್ತಾರೆ. ಹೌದೋ ಅಲ್ವೋ, ಒಂದೇ ಮಾತು ಹೇಳಿ.”

ಈಗ ನೀನೇ ಹೇಳು, ನನ್ನ ಜಾಗದಲ್ಲಿ ನೀನಿದ್ದರೆ ಏನು ಹೇಳುತ್ತಿದ್ದೆ? ನಾವು ಕಲಿತದ್ದು ಒಂದೇ. ಹೌದು ಎಂದರೂ ಅದು ಬಂದವರ ಬಗ್ಗೆ ಆಡಿದ ಮಾತು, ಅಲ್ಲ ಎಂದರೂ ಅವರ ಬಗ್ಗೆ ಆಡಿದ ಮಾತು. ಇವತ್ತು ಒಬ್ಬರ ವಿಷಯದಲ್ಲಿ ‘ಅಲ್ಲ’ ಎಂದರೆ ನಾಳೆ ಇನ್ನೊಬ್ಬರ ವಿಷಯದಲ್ಲಿ ಸುಮ್ಮನಿದ್ದದ್ದೇ ‘ಹೌದು’ ಆಗುತ್ತದೆ. ಆದ್ದರಿಂದ ನಾನು, “ಅಪಾಯ ಇದ್ದಿದ್ದರೆ ಅವತ್ತೇ ನಿಮಗೆ ನನ್ನಿಂದ ಫೋನ್ ಬರ್ತಿತ್ತು, ಒಪ್ಪಿಗೆ ಪತ್ರದ ಮೂರನೇ ಪ್ಯಾರಾ ಓದಿಕೊಳ್ಳಿ. ಚುಕ್ಕೆ ಬಗ್ಗೆ ಅವರನ್ನು ಕೇಳದೆ ಏನೂ ಹೇಳೋಕಾಗಲ್ಲ” ಎಂದು ಎದ್ದು ಬಂದೆ. ಪಾಠದ ಪುಸ್ತಕದಲ್ಲಿದ್ದ ಹಾಗೆ, ಅಕ್ಷರ ತಪ್ಪದೆ.

ಅವರು ತಮ್ಮ ಕಚೇರಿಯ ಕಡತದಲ್ಲಿ ಬರೆದದ್ದು ಒಂದೇ ಸಾಲು: ಸಮಾಲೋಚಕಿಯವರನ್ನು ವಿಚಾರಿಸಲಾಯಿತು, ಅಲ್ಲಗಳೆದಿಲ್ಲ.

ನಿಧಾನಣ್ಣ ಆಗ ಬಸ್ಸಿನ ಮೇಲಿದ್ದರು. ಅವರನ್ನು ಕಂಡು ಕೇಳೋಣವೆಂದು ನಾನು ಡಿಪೋ ಗೇಟಿನಲ್ಲಿ ಕಾದು ನಿಂತೆ. ನಾಲ್ಕಕ್ಕೆ ಅವರ ಬಸ್ಸು ಬಂತು. ಅಷ್ಟರಲ್ಲಿ ಆದೇಶ ಸೂಚನಾ ಫಲಕ ಹತ್ತಿತ್ತು. ಬಸ್ಸು ಒಳಗೆ ನಿಂತ ಕಡೆಗೆ ನಾನು ಹೋಗುವಷ್ಟರಲ್ಲಿ ಅವರು ಇಳಿದು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನು ಓದುತ್ತಿದ್ದರು, ಸುತ್ತ ಹತ್ತು ಹನ್ನೆರಡು ಜನ. ಅವರನ್ನೂ, ಅವರ ಹಾಗೆಯೇ ಹಿಂದಿನ ತಿಂಗಳು ಕೆಂಪು ಚುಕ್ಕೆ ಬಿದ್ದಿದ್ದ ಇನ್ನಿಬ್ಬರನ್ನೂ ಸುರಕ್ಷತೆಯ ದೃಷ್ಟಿಯಿಂದ ಚಾಲನೆಯಿಂದ ತೆಗೆದು ಬಸ್ಸು ತೊಳೆಯುವ ಅಂಗಳಕ್ಕೆ ಹಾಕಲಾಗಿತ್ತು.

ಅಂದರೆ ನನ್ನ ಹಿಂದಿನ ಬಾಗಿಲಿನ ಎದುರಿಗೆ. ಅತ್ತದ್ದು ಯಾರಿಗೂ ಕಾಣದಿರಲಿ ಎಂದು ಯಾವ ಅಂಗಳವನ್ನು ದಾಟಿಸಿ ಅವರನ್ನು ಕಳಿಸಿದ್ದೆನೋ ಅದೇ ಅಂಗಳದಲ್ಲಿ ಅವರು ಈಗ ದಿನವಿಡೀ ರಬ್ಬರ್ ಬೂಟು ಹಾಕಿಕೊಂಡು ಪೈಪು ಹಿಡಿದು ನಿಲ್ಲುತ್ತಾರೆ. ಅವರ ಹಳೆಯ ಬಸ್ಸು ಬೆಳಿಗ್ಗೆ ಆರೂಕಾಲಿಗೆ ತೊಳೆಯಲು ಬರುತ್ತದೆ. ಬೇರೆಯವರು ಅದನ್ನು ಓಡಿಸಿಕೊಂಡು ಹೋಗುತ್ತಾರೆ.

ಮಾರ್ಚ್ ೧೧, ಮಂಗಳವಾರ

ಭಾನುವಾರ ಇಲ್ಲಿಗೆ ನಿಲ್ಲಿಸಿದೆ. ಮುಂದಿನದನ್ನು ಬರೆಯಲು ಆಗಲಿಲ್ಲ. ಈಗ ಮಧ್ಯಾಹ್ನದ ಬಿಡುವಿನಲ್ಲಿ ಕೊಠಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬಿಡುವು ಎನ್ನುವುದು ಮಾತಿಗೆ, ಈಗ ದಿನವೆಲ್ಲ ಬಿಡುವೇ. ಫೆಬ್ರುವರಿಯಿಂದ ಒಬ್ಬರೂ ಬಂದಿಲ್ಲ. ಮೊನ್ನೆ ಮೊಗಸಾಲೆಯಲ್ಲಿ ಹೋಗುತ್ತಿದ್ದಾಗ ಕಂಡಕ್ಟರನೊಬ್ಬ ನನಗೆ ಕೇಳಿಸುವ ಹಾಗೇ ಜೊತೆಯವನಿಗೆ, “ನಮಗೆ ಛತ್ರಿ ಬೇಡಪ್ಪ, ನೆನೀತೀವಿ” ಎಂದ. ನಕ್ಕರು. ಅವನ ಮುಖ ಸರಿಯಿರಲಿಲ್ಲ ಕಣೇ. ಮೂರು ತಿಂಗಳ ಹಿಂದಾದರೆ ಅವನು ನನ್ನ ಬಾಗಿಲು ತಟ್ಟುತ್ತಿದ್ದ. ಸುರಕ್ಷತೆ ಎಂದು ಇಸ್ತ್ರಿ ಸಾಹೇಬರು ಮಾಡಿದ ಕೆಲಸದ ಫಲ ಇದು. ಅಳಬೇಕಾದವರು ಅಳುವುದಿಲ್ಲ, ನಿದ್ದೆಯಿಲ್ಲದವರು ನಿದ್ದೆಯಿಲ್ಲ ಎನ್ನುವುದಿಲ್ಲ. ಎಲ್ಲರೂ ಬಾಯಿ ಹೊಲಿದುಕೊಂಡು ಐವತ್ತೈವತ್ತು ಜನರನ್ನು ಕೂರಿಸಿಕೊಂಡು ಊರೆಲ್ಲ ಬಸ್ಸು ಓಡಿಸುತ್ತಿದ್ದಾರೆ. ಇದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಆದೇಶ ಹೊರಟ ಎರಡನೇ ವಾರ ನಿಧಾನಣ್ಣ ಹಿಂದಿನ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ. ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಮೇಡಂ, ಒಂದೇ ಒಂದು ಮಾತು. ನೀವು ಹೇಳಿದ್ರಾ?”

“ಇಲ್ಲ.”

“ರೂಮಲ್ಲಿ ಇದ್ದಿದ್ದು ನಾವಿಬ್ಬರೇ. ನಾನಂತೂ ಹೇಳಿಲ್ಲ.”

“ಗೊತ್ತು. ಆದ್ರೆ ಆ ಚುಕ್ಕೆ ಇಟ್ಟಿದ್ದು ನಾನು. ಇಡಬಾರದಿತ್ತು. ಅದು ನನ್ನ ತಪ್ಪು.”

ಅವರು ಕೈಗವಸು ಕಳಚಿ ನೀರು ಕೊಡವಿದರು. ಆಮೇಲೆ, “ತೊಳೆಯೋ ಕೆಲಸಕ್ಕೆ ನಾನು ಬೇಜಾರು ಮಾಡ್ಕೊಳ್ಳಲ್ಲ ಮೇಡಂ. ಬಸ್ಸೇ ಅಲ್ವಾ. ಆದ್ರೆ ಕೆಂಪು ಅಂದ್ರೆ ಸಾಯೋಕೆ ಹೊರಟವನು ಅಂತ ಮನೆವರೆಗೂ ಹೋಗಿದೆ. ಮೊಮ್ಮಗಳನ್ನ ನನ್ನ ಹತ್ರ ಒಬ್ಬಳನ್ನೇ ಬಿಡ್ತಿಲ್ಲ ನಮ್ಮ ಸೊಸೆ. ಬಾಯಿಬಿಟ್ಟು ಹೇಳಲ್ಲ, ಒಳ್ಳೆ ಹುಡುಗಿ. ಅಡುಗೆಮನೆಯಿಂದ ಚಾಕು ಕಾಣೆಯಾಗಿದೆ. ಸೇಬು ಹೆಚ್ಚೋಕೆ ಚಾಕು ಕೊಡಮ್ಮ ಅಂದ್ರೆ ಹೆಚ್ಚಿಯೇ ತಂದುಕೊಡ್ತಾಳೆ. ತೆಳ್ಳಗೆ, ತಟ್ಟೆಯಲ್ಲಿ ಜೋಡಿಸಿ” ಎಂದರು.

ಅವತ್ತೇ ನಾನು ಅವರಿಗೆ ಕೆಂಪಿನ ನಿಜವಾದ ಅರ್ಥ ಹೇಳಿದೆ. ಅದನ್ನು ತಿಳಿಯುವ ಹಕ್ಕು ಅವರಿಗೆ ಮೊದಲಿನಿಂದಲೂ ಇತ್ತು. ಕೇಳಿ ಅವರು ನಕ್ಕುಬಿಟ್ಟರು. “ನಾನು ಅತ್ತೆ ಅಂತಾನಾ? ಅಷ್ಟೇನಾ?” ಎಂದರು. ನಗು ನಿಂತ ಮೇಲೆ, “ಅದನ್ನೂ ಹೇಳೋಕೆ ಒಂದು ತರ ಆಗುತ್ತೆ ಮೇಡಂ. ಆದ್ರೆ ಹೇಳಿಬಿಡಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಸಾಯೋಕೆ ಹೊರಟವನು ಅನ್ನಿಸ್ಕೊಳ್ಳೋದಕ್ಕಿಂತ ಅಳುಬುರುಕ ಅನ್ನಿಸ್ಕೊಳ್ಳೋದು ವಾಸಿ” ಎಂದರು. ಉಳಿದ ಇಬ್ಬರಲ್ಲಿ ಒಬ್ಬರು ಒಪ್ಪಿದರು. ಇನ್ನೊಬ್ಬರು ಇಲ್ಲ ಎಂದರು. ಅವರು ಯಾರು, ಯಾಕೆ ಒಲ್ಲೆ ಎಂದರು ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಚಾಲಕರ ಸಂಘ ಒಬ್ಬ ವಕೀಲೆಯನ್ನು ಹಿಡಿದಿದೆ. ಚುರುಕಿನ ಹೆಂಗಸು, ವಾಕ್ಯ ಮುಗಿಸದೇ ಮುಂದಿನದಕ್ಕೆ ಹೋಗುತ್ತಾಳೆ. ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ವಿಚಾರಣೆ. ಸಂಸ್ಥೆಯವರು ಈಗಾಗಲೇ ಲಿಖಿತ ಉತ್ತರ ಕೊಟ್ಟಿದ್ದಾರೆ. ಅದರ ಒಂದು ವಾಕ್ಯ ಕೇಳು: ಚುಕ್ಕೆಗಳ ಅರ್ಥವನ್ನು ಸಮಾಲೋಚಕಿಯವರೇ ಕಚೇರಿಗೆ ತಿಳಿಸಿರುತ್ತಾರೆ, ಈಗ ತಮ್ಮನ್ನು ಉಳಿಸಿಕೊಳ್ಳಲು ಅರ್ಥ ಬದಲಾಯಿಸುತ್ತಿದ್ದಾರೆ.

ನಾನು. ಹನ್ನೊಂದು ವರ್ಷದಲ್ಲಿ ನಮ್ಮವರಿಗೆ ಡಿಪೋದ ಒಬ್ಬರ ಹೆಸರನ್ನೂ ಹೇಳದವಳು. ಇದನ್ನು ಓದಿ ನಮ್ಮವರೇ, “ಇಪ್ಪತ್ತೆಂಟು ವರ್ಷ ಆಯ್ತು, ಇವತ್ತು ಕೋಪ ಬಂದಿದೆ ಅನ್ನೋದನ್ನೂ ನನಗೆ ಹೇಳಿದವಳಲ್ಲ ನೀನು. ಅವರಿಗೆ ಹೇಳಿಬಿಟ್ಟೆಯಾ?” ಎಂದರು. ನಗಿಸಲು ಹೇಳಿದ್ದು. ನಗು ಬರಲಿಲ್ಲ.

“ಅವರ ಮಾತು ನಿಂತರೆ ಎರಡೂ ಕಡೆ ಹೋಯ್ತು ಮೇಡಂ” ಎಂದಳು ವಕೀಲೆ. “ನೀವೇ ಅಪಾಯ ಅಂತ ಹೇಳಿದ್ದಾದ್ರೆ ಅವರನ್ನ ಚಾಲನೆಯಿಂದ ತೆಗೆದಿದ್ದು ಸರಿ ಅಂತಾಗುತ್ತೆ. ಮೂವರೂ ತೊಳೀತಾನೇ ಇರ್ಬೇಕು. ನಿಮ್ಮ ಪರವಾನಗಿಯೂ ಉಳಿಯಲ್ಲ. ನೀವು ಹೇಳಿಲ್ಲ ಅಂದ್ರೆ ಬೇರೆ ಯಾರೋ ಹೇಳಿರ್ಬೇಕು. ಯಾರು?”

ನನ್ನ ಪರವಾನಗಿಯ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ವೃತ್ತಿ ಮಂಡಳಿಯ ನೋಟಿಸು ಬಂದಿದೆ. ಬಂದವರ ಬಗ್ಗೆ ಒಂದು ಗುರುತನ್ನು, ಅದು ಎಷ್ಟೇ ಚಿಕ್ಕದಿರಲಿ, ಬೇರೆಯವರ ಕೈ ಸೇರುವ ಪುಸ್ತಕದಲ್ಲಿ ಯಾಕೆ ಇಟ್ಟಿರಿ ಎಂದು ಕೇಳಿದ್ದಾರೆ. ಇಟ್ಟದ್ದು ತಪ್ಪು ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸಿದೆ. ಅವರು ಏನು ಕೊಟ್ಟರೂ ತೆಗೆದುಕೊಳ್ಳುತ್ತೇನೆ. ಆದರೆ ನನ್ನ ತಪ್ಪಿಗೆ ಬೇರೆಯವರು ಬಸ್ಸು ತೊಳೆಯುವುದು, ಅದರ ಮೇಲೆ ಒಂದು ಸುಳ್ಳು ಕೂತು ಅಧಿಕಾರಿಯ ಮೊಹರು ಬೀಳುವುದು, ಇದನ್ನು ಮಾತ್ರ ಆಗಗೊಡುವುದಿಲ್ಲ.

ಅವರ ಉತ್ತರದ ಜೊತೆ ಒಂದು ಚೀಟಿಯ ನಕಲು ಬಂದಿದೆ. ಇಸ್ತ್ರಿ ಸಾಹೇಬರ ಕೈಬರಹ. ನಾನು ಹೇಳಿದ್ದಕ್ಕೆ ಪುರಾವೆ ಎಂದು ಗುಮಾಸ್ತ ಉತ್ಸಾಹದಿಂದ ಅದನ್ನು ಸೇರಿಸಿದ್ದಾನೆ. ಅದರಲ್ಲಿ ನಾಲ್ಕು ಬಣ್ಣ, ನಾಲ್ಕಕ್ಕೂ ಅರ್ಥ. ವಕೀಲೆ ಅದನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ನೋಡಿ, “ಮೇಡಂ, ರಿಜಿಸ್ಟರಿನಲ್ಲಿ ಕೆಂಪು ಒಂದೇ ಇದೆ. ನೀಲಿ, ಹಳದಿ, ಹಸಿರು ಇವರಿಗೆ ಎಲ್ಲಿಂದ ಬಂತು?” ಎಂದು ಕೇಳಿದಳು. ಬುದ್ಧಿವಂತೆ. ನಾನು ಒಂದು ದಿನ ಸಮಯ ಕೊಡು ಎಂದೆ. ಆ ಒಂದು ದಿನ ಇವತ್ತು.

ನಿನ್ನ ಮಗಳೂ ಇದೇ ವಿದ್ಯೆ ಕಲಿಯಲು ಸೇರುತ್ತಾಳೆಂದು ಬರೆದಿದ್ದೀಯ. ಅವಳಿಗೆ ನನ್ನ ತುಂಬು ಆಶೀರ್ವಾದ. ಕೇಳುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ, ಅದು ಅಷ್ಟೇನೂ ಕಷ್ಟವಲ್ಲ. ಕೇಳಿದ್ದನ್ನು ಇಟ್ಟು ಬದುಕುವುದು ಕಷ್ಟ. ಒಳ್ಳೆಯ ಕಥೆ ಬಾಯಿಗೆ ಬಂದಾಗ, ಎದುರಿಗಿದ್ದವರು ನಗಲು ಕಾದಿರುವಾಗ, ಅದನ್ನು ನುಂಗಿ ಬೇರೇನೋ ಮಾತಾಡುವುದು. ಅದನ್ನು ನೀನೇ ಅವಳಿಗೆ ಹೇಳಿಕೊಡು. ಅತ್ತೆಯವರಿಗೆ ನಮಸ್ಕಾರ ತಿಳಿಸು. ನೀನು ಆರೋಗ್ಯ ನೋಡಿಕೋ. ಬಿಪಿ ಮಾತ್ರೆ ಮರೆಯಬೇಡ.

ಎಂದೆಂದಿಗೂ ನಿನ್ನ,
ಕಪಾಟು

ಮರೆತಿದ್ದು: ಮರೆತದ್ದಲ್ಲ, ಬರೆಯಲಾಗದೆ ಇಲ್ಲಿಗೆ ತಳ್ಳಿದ್ದು.

ಚೀಟಿಯಲ್ಲಿ ಹಸಿರಿನ ಮುಂದೆ ಕುಡಿತ ಎಂದು ಬರೆದಿಲ್ಲ. ‘ಗಿಡಕ್ಕೆ ನೀರು ಹಾಕುವವರು’ ಎಂದು ಬರೆದಿದೆ. ನಿಮ್ಮ ದೊಡ್ಡಪ್ಪ ಸಂಜೆ ಮನೆಯಿಂದ ಜಾರಿಕೊಳ್ಳುವಾಗ ಗಿಡಕ್ಕೆ ನೀರು ಹಾಕಿ ಬರ್ತೀನಿ ಎನ್ನುತ್ತಿದ್ದರೆಂದು, ಅವರಿಗೆ ಒಂದು ಗಿಡವೂ ಇರಲಿಲ್ಲವೆಂದು, ನೀನು ಹಾಸ್ಟೆಲಿನಲ್ಲಿ ಹೇಳಿ ನಗಿಸುತ್ತಿದ್ದೆ. ಆ ಮಾತನ್ನು ಆಡುವವರು ಈ ಭೂಮಿಯ ಮೇಲೆ ನೀನೊಬ್ಬಳೇ. ಚೀಟಿಯ ತಾರೀಕು ನವೆಂಬರ್ ಹದಿನಾಲ್ಕು. ಆ ದಿನ ನೀನು ನಮ್ಮ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಅಧಿಕಾರಿಗಳಿಗೆ ಎರಡನೇ ದಿನದ ತರಬೇತಿ ಕೊಡುತ್ತಿದ್ದೆ. ಅದರ ಮರುವಾರ ನನಗೆ ಬರೆದೆ: ‘ಊಟದ ಹೊತ್ತಿಗೆ ನಿಮ್ಮ ಸಾಹೇಬರು ಪಕ್ಕದಲ್ಲೇ ಕೂತಿದ್ದರು ಕಣೇ, ನಿನ್ನನ್ನು ಹೊಗಳಿ ಅಟ್ಟಕ್ಕೇರಿಸಿದೆ, ನಮ್ಮ ಹಾಸ್ಟೆಲ್ ಕಥೆಯೆಲ್ಲ ಹೇಳಿದೆ.’ ಓದಿ ನಾನು ಖುಷಿಪಟ್ಟಿದ್ದೆ.

ನೀನು ಕೆಡುಕು ಬಯಸಿ ಹೇಳಲಿಲ್ಲ ಎಂದು ನನಗೆ ಗೊತ್ತು. ಪ್ರೀತಿಯಿಂದಲೇ ಹೇಳಿರುತ್ತೀಯ. ಮೂವತ್ತು ವರ್ಷ ನಿನ್ನನ್ನು ರೇಡಿಯೋ ಎಂದು ಕರೆದು ನಕ್ಕವಳು ನಾನೇ.

ಆದರೆ ಕೆಂಪು ಹುಟ್ಟಿದ್ದು ಚಿಕಿತ್ಸಾಲಯದ ಡೈರಿಯಲ್ಲಲ್ಲ. ಉಳಿದ ಮೂರು ಬಣ್ಣ ಆಮೇಲೆ ಬಂದವು. ಎರಡನೇ ವರ್ಷ ನಾನು ಮಾತು ಬಿಟ್ಟಿದ್ದ ಆ ನಲವತ್ತು ದಿನ, ನೀನು ಕ್ಯಾಲೆಂಡರಿನ ಪಕ್ಕ ಒಂದು ಕೆಂಪು ಪೆನ್ಸಿಲನ್ನು ದಾರಕ್ಕೆ ಕಟ್ಟಿ ನೇತುಹಾಕಿದೆ. ‘ಮಾತಾಡಬೇಡ, ತೀರಾ ಆಗದ ದಿನ ಒಂದು ಚುಕ್ಕೆ ಇಡು, ಸಾಕು’ ಎಂದೆ. ನಾನು ಚುಕ್ಕೆ ಇಟ್ಟ ದಿನಗಳಲ್ಲಿ ನೀನು ತರಗತಿಗೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಏನೋ ಓದುವವಳ ಹಾಗೆ ಪುಟ ತಿರುವುತ್ತಿದ್ದೆ. ನಾನು ಇವತ್ತು ಇರುವುದು ಆ ಬೆನ್ನಿನಿಂದ. ನಮ್ಮವರಿಗೂ ಇದು ಗೊತ್ತಿಲ್ಲ.

ಚೀಟಿಯಲ್ಲಿ ಕೆಂಪಿನ ಮುಂದೆ ‘ಜೀವಕ್ಕೆ ಸಂಚಕಾರ’ ಎಂದಿದೆ. ಅದರ ಕೆಳಗೆ, ಚಿಕ್ಕ ಅಕ್ಷರದಲ್ಲಿ, ‘ಮೇಡಂ ಅವರ ಸ್ವಂತ ಅನುಭವ.’ ವಕೀಲೆ ಆ ಸಾಲು ಓದಿ ನನ್ನ ಮುಖ ನೋಡಲಿಲ್ಲ. ಕಾಗದ ಮಡಿಸುವುದರಲ್ಲಿ ಬಹಳ ಹೊತ್ತು ಕಳೆದಳು. ಜನವರಿಯಲ್ಲಿ ಇಸ್ತ್ರಿ ಸಾಹೇಬರ ದನಿ ಯಾಕೆ ಮೆತ್ತಗಾಯಿತೆಂದು ಆಗ ತಿಳಿಯಿತು.

ಇಪ್ಪತ್ತೊಂದಕ್ಕೆ ಆ ಚೀಟಿಯನ್ನು ಎಲ್ಲರ ಮುಂದೆ ಓದುತ್ತಾರೆ, ಆ ಸಾಲನ್ನೂ ಸೇರಿಸಿ. ಆ ಸಾಲು ಓದದಂತೆ ತಡೆಯುವ ದಾರಿಯನ್ನು ವಕೀಲೆ ತೋರಿಸಿದಳು. ಓದಲಿ ಬಿಡು ಎಂದೆ. ನಿಧಾನಣ್ಣ ತಾವು ಅತ್ತದ್ದನ್ನು ಹೇಳಲು ಒಪ್ಪಿದ ಮೇಲೆ ನನ್ನದನ್ನು ಮುಚ್ಚಿಡಲು ನನಗೆ ಯಾವ ಮುಖವಿದೆ? ಇವತ್ತು ಸಂಜೆ ನಮ್ಮವರಿಗೆ ನಾನೇ ಹೇಳುತ್ತೇನೆ, ಅಲ್ಲಿ ಕೂತು ಅವರು ಅದನ್ನು ಮೊದಲ ಸಲ ಕೇಳುವಂತಾಗಬಾರದು.

ನೀನು ಬರಬೇಕು. ಬಂದು, ‘ಈ ನಾಲ್ಕು ಬಣ್ಣ ಹಾಸ್ಟೆಲಿನವು, ಊಟದ ಮೇಜಿನಲ್ಲಿ ನಾನು ಹೇಳಿದ್ದು, ಡಿಪೋದ ಚುಕ್ಕೆಗೂ ಇದಕ್ಕೂ ಸಂಬಂಧವಿಲ್ಲ’ ಎಂದು ನಿನ್ನ ಬಾಯಿಂದ ಹೇಳಬೇಕು. ನಿನ್ನ ಹೆಸರಿಗೂ ಮಂಡಳಿಯ ನೋಟಿಸು ಬರಬಹುದು, ತರಬೇತಿಗೆ ಕರೆಯುವವರು ಕಡಿಮೆಯಾಗಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ. ನೀನು ಬರದಿದ್ದರೆ ನಿನ್ನ ಹೆಸರನ್ನು ನಾನೇ ಹೇಳುತ್ತೇನೆ, ನಿನ್ನ ನವೆಂಬರಿನ ಪತ್ರವನ್ನು ವಕೀಲೆಗೆ ಕೊಡುತ್ತೇನೆ. ನೀನು ನನ್ನ ಗೆಳತಿ, ನನ್ನ ಕೊಠಡಿಗೆ ಬಂದು ಕೂತವಳಲ್ಲ. ನಿನ್ನ ಮಾತನ್ನು ಮುಚ್ಚಿಡುವ ಕರ್ತವ್ಯ ನನಗಿಲ್ಲ.

ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ಒಂಬತ್ತೂವರೆಗೆ ಇಲ್ಲಿರುತ್ತೀಯ. ವಿಚಾರಣೆ ಹನ್ನೆರಡಕ್ಕೆ ಮುಗಿಯಬಹುದು. ಆಮೇಲಿನ ಅರ್ಧ ಗಂಟೆ ಯಾರಿಗೂ ಕೊಟ್ಟಿಲ್ಲ.